ಸೋರುವ ಕಾರು, ನಮ್ಮ ಗೌರಿಯ ಉಸಿರು

ಹೋದ ವರ್ಷ ಮಳಿಗಾಲದಾಗ ನನ್ನ ಮಗಳು ಗೌರಿಗಿ ಉಸಿರು ಸಾಲ್ತಿದ್ದಿಲ್ಲ. ಆರು ವರ್ಷದ ಕೂಸು ಎರಡು ಮಾತಾಡಿ ನಿಂತು, ಬಾಯಿ ತೆರೆದು ಗಾಳಿ ಎಳಕೊಳ್ಳೋದು ನೋಡಿದ್ರ ಹೆತ್ತ ಹೊಟ್ಟಿ ಏನಾಗಬಾರದು ಹೇಳ್ರಿ. ನಾನು ರಂಗಂಪೇಟಿಯ ನೀಲಮ್ಮ. ನಮ್ಮ ಮನಿಯವರದು ಸುರಪುರ ಬಜಾರದಾಗ ಅರಿವಿ ಅಂಗಡಿ. ಶಿವನ ಮುಂದ ಕೈ ಮುಗಿಯೋ ನೀವೆಲ್ಲಾರೂ ನನ್ನ ಬಳಗ ಅಂತ ತಿಳಕೊಂಡು, ನಡೆದದ್ದು ನಡೆದಂಗ ಬರಿಯಾಕತ್ತೀನಿ. ನನ್ನ ಬಾಯಿ ಜರಾ ಜೋರು, ದೇವರ ಕೂಡನೂ ಜಗಳಾಡೀನಿ. ಹೊಟ್ಟಿಗಿ ಹಾಕ್ಕೊಳ್ರಿ.

ಗೌರಿಗಿ ದಮ್ಮು ಮೊದಲಿಂದ ಸ್ವಲ್ಪ ಇತ್ತು. ಬೈಕಿನ ಮ್ಯಾಲ ಧೂಳಾಗ ಸಾಲಿಗಿ ಒಯ್ಯೋದು ಬ್ಯಾಡಂತ ನಮ್ಮ ಮನಿಯವರು ಒಂದು ಹಳೇ ಕಾರು ತಂದ್ರು. ಅದಕ್ಕ ಸನ್‌ರೂಫ್ ಇತ್ತು. ಗುಂಡಿ ಒತ್ತಿದ್ರ ತಲಿ ಮ್ಯಾಲಿನ ಗಾಜು ಸರಿದು ಆಕಾಶ ಕಾಣ್ತದ. ಗೌರಿಗಿ ಅದೇ ದೊಡ್ಡ ಖುಷಿ. ಅಮಾಸಿಗೊಮ್ಮೆ ಗಾಡಿ ಪೂಜಾ ಮಾಡೋದು ನಮ್ಮ ಕಡಿ ಪದ್ಧತಿ, ನಿಮಗ ಗೊತ್ತೇ ಅದ. ನಾನು ವಿಭೂತಿ ಬಳದು, ಗಾಲಿಗಿ ನಿಂಬಿಹಣ್ಣು ಇಡ್ತಿದ್ದೆ. ನಮ್ಮ ಮನಿಯವರು ಕಾಯಿ ಒಡೀತಿದ್ರು. ಗೌರಿ ಸೀಟಿನ ಮ್ಯಾಲ ನಿಂತು, ಸನ್‌ರೂಫಿನಿಂದ ತಲಿ ಹೊರಗ ಹಾಕಿ, ಗಾಡಿ ಮ್ಯಾಲ ವಿಭೂತಿ, ಅಕ್ಷತಿ, ಚೆಂಡುಹೂವಿನ ಎಸಳು ಚೆಲ್ಲಾಕಿ. "ಶಿವಪ್ಪಾ, ನಮ್ಮ ಗಾಡಿ ಕಾಯಪ್ಪಾ" ಅಂತ ಒದರಾಕಿ. ಓಣಿ ಮಂದಿ ನಿಂತು ನೋಡಿ ನಗೋರು.

ಮಳಿ ಶುರುವಾತು. ಒಂದಿನ ಬ್ರೇಕ್ ಹಾಕಿದ ಕೂಡಲೇ ಮ್ಯಾಲಿನ ದೀಪದ ಸಂದಿಯಿಂದ ತಣ್ಣೀರು ದಬದಬ ಅಂತ ನನ್ನ ತೊಡಿ ಮ್ಯಾಲ ಬಿತ್ತು. ಉಟ್ಟಿದ್ದು ಹೊಸ ಇಳಕಲ್ ಸೀರಿ, ನನ್ನ ಬಾಯಿ ಹೆಂಗ ಹರಿದಿರಬೇಕು ನೀವೇ ತಿಳಕೊಳ್ರಿ. ಯಾದಗಿರಿ ಗ್ಯಾರೇಜಿನವರು ಗಾಜಿನ ಸುತ್ತ ರಬ್ಬರಿಗಿ ಗಮ್ ಹಚ್ಚಿ ಕೊಟ್ರು. ಮುಂದಿನ ಮಳಿಗಿ ಮತ್ತ ಅದೇ ಹಾಡು. ಕಾಲ ಕೆಳಗಿನ ಮ್ಯಾಟು ಹಸಿ ಇದ್ರ ಎಸಿ ನೀರಿರಬೇಕಂತ ಸುಮ್ಮನಾದ್ವಿ. ಒಳಗ ಹಸಿ ಗೋಣಿಚೀಲದ ನಾತ. ನಾ ಬಿಡ್ತೀನೇನು? ದಿನಾ ಗಾಡಿಯಾಗ ಊದಿನಕಡ್ಡಿ ಹಚ್ಚಿದೆ. ಗಾಡಿಗಿ ಯಾರದೋ ದೃಷ್ಟಿ ತಾಗ್ಯಾದ ಅಂತ ಅಮಾಸಿ ಪೂಜಾದ ಜೊತಿಗಿ ಸೋಮವಾರ ಪೂಜಾನೂ ಹಿಡಿದೆ. ಮತ್ತಷ್ಟು ವಿಭೂತಿ, ಮತ್ತಷ್ಟು ಅಕ್ಷತಿ.

ಗಾಡಿ ಹಾಳಾಗಿ ಹೋಗ್ಲಿ, ಕೂಸಿನ ಉಸಿರು ಹದಗೆಡಾಕತ್ತಿತ್ತು. ಶಹಾಪುರ ದವಾಖಾನಿ ಆತು, ಯಾದಗಿರಿ ದವಾಖಾನಿ ಆತು. ಮುಖಕ್ಕ ಮಾಸ್ಕ್ ಹಾಕಿ ಔಷಧದ ಹೊಗಿ ಕೊಟ್ರ ಅಲ್ಲೇ ಚಲೋ ಆಗ್ತಿದ್ಲು. ಕಾರಿನಾಗ ಕೂಡಿಸ್ಕೊಂಡು ಊರು ಮುಟ್ಟೋದ್ರಾಗ ಮತ್ತ ಎದಿ ಗೊರಗೊರ. ಡಾಕ್ಟರು ಕೇಳಿದ್ರು, "ಮನ್ಯಾಗ ಹಸಿ ಗ್ವಾಡಿ, ಬೂಸರು ಏನರ ಅದ ಏನವ್ವ?"

"ಇಲ್ರಿ ಸಾಹೇಬ್ರ, ನಮ್ಮ ಮನಿ ಬಿಸಲಿಗಿ ಒಣಗಿ ಹಪ್ಪಳ ಆಗ್ಯಾದ" ಅಂದೆ.

ಆದ್ರೂ ಮನ್ಯಾಗೇ ಏನೋ ಅದ ಅಂತ ಗ್ವಾಡಿಗಿ ಸುಣ್ಣ ಹೊಡಿಸಿದೆ, ಪಾಪ ಬೆಕ್ಕಿನ್ನ ಸುದ್ದಾ ಹೊರಗ ಹಾಕಿದೆ. ಒಂದಿನ ದವಾಖಾನಿಯಿಂದ ಬರಾಕತ್ತಿದ್ವಿ. ಗೌರಿ ನನ್ನ ಸೆರಗು ಹಿಡಕೊಂಡು ಕೇಳಿದ್ಲು, "ಯವ್ವಾ, ನಾ ಸತ್ತು ಹೋಗ್ತೀನೇನು?"

"ಬಿಡ್ತು ಅನ್ನು! ಹಂಗ ಅನಬಾರದು" ಅಂತ ಗದರಿಸಿದೆ. ಮನಿಗಿ ಬಂದು ದೇವರ ಜಗಲಿ ಮುಂದ ಕುಂತು ಮಾತ್ರ ಹೊಯ್ಕೊಂಡು ಅತ್ತೆ. "ಏನ್ ಬೇಕಪ್ಪಾ ನಿನಗ? ನಿನಗ ನೀರು ಹಾಕೋದು ಒಂದಿನ ತಪ್ಪಿಸೀನೇನು? ಬೇಕಿದ್ರ ನನ್ನ ಉಸಿರು ತೊಗೊ, ನನ್ನ ಮಗಳದು ಬಿಡು. ಇಲ್ಲಂದ್ರ ನಿನ್ನ ಮುಖ ನೋಡಂಗಿಲ್ಲ ನಾನು" ಅಂದೆ. ಅಂದದ್ದು ಖರೇ. ಮುಚ್ಚಿಡೋದ್ಯಾಕ?

ಶ್ರಾವಣದ ಒಂದು ಸೋಮವಾರ ಶಿರವಾಳದ ಹಳೇ ಶಿವನ ಗುಡಿಗಿ ಹೋಗಬೇಕಂತ ಮನಸಿನಾಗ ಬಂತು. ನಮ್ಮ ಮನಿಯವರು ಮಾಲು ತರಾಕ ಕಾರು ತೊಗೊಂಡು ಕಲಬುರಗಿಗಿ ಹೊಂಟಿದ್ರು. "ಕೂಸಿನ್ನ ಬಸ್ಸಿನ ಧೂಳಾಗ ಒಯ್ತೀಯಾ? ತಲಿ ಕೆಟ್ಟದ ಏನ್ ನಿನಗ?" ಅಂದ್ರು. ನಾ ಕೇಳಲಿಲ್ಲ. ಔಷಧದ ಪಂಪು ಚೀಲದಾಗ ಇಟ್ಕೊಂಡು ಸುರಪುರದಾಗ ಬಸ್ ಹತ್ತಿದೆ. ಶ್ರಾವಣದ ಗದ್ದಲ, ಕಾಲಿಡಾಕ ಜಾಗ ಇಲ್ಲ. ಕಿಡಕಿ ಗಾಜು ಮುಚ್ಚವಲ್ದು. ಧೂಳು ಬರ್ತಿತ್ತು, ನನ್ನ ಜೀವ ಕೈಯಾಗಿತ್ತು. ಗೌರಿ ನೋಡಿದ್ರ ಮಗ್ಗುಲಿನ ಮುದುಕಿ ಕೂಡ ಹರಟಿ ಹೊಡದದ್ದೇನು, ಆಕಿ ಕೊಟ್ಟ ಶೇಂಗಾ ತಿಂದದ್ದೇನು! ಶಹಾಪುರದಾಗ ಬಸ್ ಬದಲಿಸಿದ್ವಿ. ಶಿರವಾಳ ಮುಟ್ಟಿದ್ರೂ ಆಕಿ ಬಾಯಿ ನಿಂತಿದ್ದಿಲ್ಲ. ಪಂಪು ಚೀಲದಾಗೇ ಉಳೀತು. ಶಿವನ ದಯಾ ಅಂದ್ಕೊಂಡೆ, ಮುಂದ ವಿಚಾರ ಮಾಡಲಿಲ್ಲ.

ಗುಡಿಯಾಗ ಲಿಂಗಕ್ಕ ನೀರು ಹಾಕಾಕ ತಂಬಿಗಿ ಎತ್ತಿದೆ. ಪೂಜಾ ಮಾಡೋ ಅಯ್ಯನವರು ತಡದ್ರು. "ಜರಾ ನಿಲ್ರಿ ತಾಯಿ. ನೀರು ಹೊರಗ ಹೋಗವಲ್ದು."

ಖರೇನ, ಗರ್ಭಗುಡಿಯಾಗ ನೀರು ನಿಂತಿತ್ತು. ಅಯ್ಯನವರು ಕುಂತು, ನೀರು ಹೋಗೋ ಕಂಡಿಯಾಗ ಕೈ ಹಾಕಿ, ಮುಷ್ಟಿಗಟ್ಟಲೆ ಪತ್ರಿ, ಅಕ್ಕಿ ತೆಗದ್ರು. "ಬೆಳಗಿಂದ ಭಕ್ತರು ಹಾಕಿದ್ದೇ ಕಟ್ಕೊಂಡದ ನೋಡ್ರಿ. ದೇವರಿಗಿ ಹಾಕಿದ ನೀರಿಗೂ ಹೋಗಾಕ ದಾರಿ ಬೇಕಲ್ರೀ" ಅಂದ್ರು. ನೀರು ಗಳಗಳ ಅಂತ ಹೋತು.

ಗೌರಿ ನನ್ನ ಕೈ ಜಗ್ಗಿದ್ಲು. "ಯವ್ವಾ, ನಮ್ಮ ಗಾಡಿಯಾಗೂ ಹಿಂಗೇ ಅಕ್ಕಿ ಕುಂತಾವ. ಮ್ಯಾಲಿನ ಗಾಜಿನ ಮೂಲಿಯಾಗ ತೂತು ಅದ, ನಾ ಬಟ್ಟು ಹಾಕಿ ನೋಡೀನಿ."

ಹಸಿ ಮ್ಯಾಟು, ಆ ನಾತ, ಬಸ್ಸಿನಾಗ ಒಮ್ಮೆಯೂ ಕೆಮ್ಮದ ಕೂಸು, ಎಲ್ಲಾ ಒಮ್ಮೆಲೇ ತಲಿಯಾಗ ಬಂತು. ಗಂಗಾಳದಂಥ ಕಣ್ಣು ಬಿಟ್ಕೊಂಡು ಆ ಲಿಂಗದ ಮುಂದ ನಿಂತುಬಿಟ್ಟೆ. ತಂಬಿಗಿ ನೀರು ಹಾಕೋದೂ ಅಯ್ಯನವರೇ ನೆನಪು ಮಾಡಬೇಕಾತು.

ಮರುದಿನ ಮುಂಜಾನಿ ನಮ್ಮ ಮನಿಯವರಿಗಿ ಹೇಳಿದ್ರ, "ನಿನ್ನ ಶಿವ ಯಾವಾಗಿಂದ ಮೆಕ್ಯಾನಿಕ್ ಆದ?" ಅಂತ ಚಾಷ್ಟಿ ಮಾಡಿದ್ರು. ಗಾಜು ಸರಿಸಿ ನೋಡಿದ ಮ್ಯಾಲ ಅವರ ನಗಿ ನಿಂತಿತು. ಗಾಜಿನ ಸುತ್ತ ಸಣ್ಣ ಕಾಲಿವಿ ಇರ್ತದ. ಅದರ ಮೂಲಿ ಮೂಲಿಗಿ ನೀರು ಇಳಿಯೋ ತೂತು. ನಾಕೂ ಕಡಿ ವಿಭೂತಿ, ಅಕ್ಕಿ, ಹೂವಿನ ಎಸಳು ಕೂಡಿ ಗಚ್ಚಿನಂಗ ಕುಂತಿತ್ತು. ಅವರು ಕಬ್ಬಿಣ ತಂತಿ ತಂದ್ರು. ಯಾದಗಿರಿ ಗ್ಯಾರೇಜಿಗಿ ಫೋನ್ ಹಚ್ಚಿದ್ರ, "ತಂತಿ ಬ್ಯಾಡ್ರಿ, ಒಳಗಿನ ಪೈಪ್ ಹರೀತದ. ಮೆತ್ತನ ನೈಲಾನ್ ಎಳಿ ಸಾವಕಾಶ ಬಿಡ್ರಿ" ಅಂದ್ರು. ಹಂಗೇ ಮಾಡಿ, ಲೋಟದಿಂದ ಸ್ವಲ್ಪ ಸ್ವಲ್ಪ ನೀರು ಬಿಟ್ವಿ. ಮೊದಲು ನಿಂತೇ ಇತ್ತು. ಆಮ್ಯಾಲ ಬುಳುಕ್ ಅಂತ ಇಳಿದು, ಮುಂದಿನ ಗಾಲಿ ಹತ್ರ ಹನಿ ಹನಿ ಬಿತ್ತು. ಗೌರಿ ಚಪ್ಪಾಳಿ ಹೊಡದ್ಲು. ಒಳಗಿನ ನಾತ ಆಕಿಗಿ ಬಡೀಬಾರದಂತ ದೂರ ಕಟ್ಟಿ ಮ್ಯಾಲ ಕೂಡಿಸಿದ್ವಿ.

ಕೆಳಗಿನ ಮ್ಯಾಟು ಎತ್ತಿದ್ವಿ. ಅದರ ಕೆಳಗಿನ ಸ್ಪಂಜು ನೀರು ಕುಡಿದು ಕೊಳತು, ಪೂರಾ ಕರಿ ಬೂಸರು. ನಮ್ಮ ಮನಿಯವರು ಅಂಗಳದಾಗ ಕುಸಿದು ಕುಂತ್ರು. "ಇದರಾಗ ಕೂಡಿಸ್ಕೊಂಡು ದವಾಖಾನಿಗಿ ಒಯ್ದೆನಲ್ಲೇ ನೀಲಾ, ಕೂಸಿನ್ನ" ಅಂತ ಕಣ್ಣೀರು ತೆಗದ್ರು. ಅಂಗಡಿಯಾಗ ಹುಲಿಯಂಗ ಇರೋ ಗಂಡಸು. ನಾ ಅವರ ತಲಿ ಮ್ಯಾಲ ಕೈ ಇಟ್ಟೆ. "ಪ್ರೀತಿಲೇ ಒಯ್ದೀರಿ, ನಾನೂ ಪ್ರೀತಿಲೇ ಅಕ್ಷತಿ ಹಾಕೀನಿ. ಏಳ್ರಿ" ಅಂದೆ.

ಸ್ಪಂಜು ತೆಗೆದು ತಿಪ್ಪಿಗಿ ಒಗದು ಹೊಸಾದು ಹಾಕಿಸಿದ್ವಿ, ಬಾಗಲ ತೆರೆದಿಟ್ಟು ಗಾಡಿ ಬಿಸಲಿಗಿ ಒಣಗಿಸಿದ್ವಿ. ಡಾಕ್ಟರು ಕೇಳಿ, "ಕೂಸಿಗಿ ಜಾಸ್ತಿ ಮಾಡಿದ್ದು ಇದೇ ಇರಬೇಕು. ಆದ್ರ ನಾ ಹೇಳೋತನಕ ಔಷಧ ಬಿಡಬ್ಯಾಡ್ರಿ" ಅಂದ್ರು. ಬಿಡಲಿಲ್ಲ. ದಿನ ಹೋದಂಗ ಗೌರಿ ಮುಖಕ್ಕ ಕಳಾ ಬಂತು, ಓಣಿಯಾಗ ಓಡಾಕ ಶುರು ಮಾಡಿದ್ಲು.

ಕೆಲವರು ನನಗ ಅಂತಾರ, ತೂತು ಕಟ್ಟಿತ್ತು, ತೆಗದ್ರಿ, ಇದರಾಗ ದೇವರು ಎಲ್ಲಿ ಬಂದ? ಬರಲಿಲ್ಲೇನ್ರೀ? ಬಾಯಿಗಿ ಬಂದಂಗ ಬೈದವಳನ್ನ ಆ ಧೂಳಿನ ಬಸ್ಸಿಗಿ ಹತ್ತಿಸಿ, ತನ್ನ ಗುಡಿಯಾಗೇ ನೀರು ನಿಲ್ಲಿಸ್ಕೊಂಡು ಕುಂತಿದ್ದ ನಮ್ಮಪ್ಪ. ಈಗ ಗಾಡಿ ಪೂಜಾ ಗಾಜು ಮುಚ್ಚಿ, ಬಾನೆಟ್ಟಿನ ಮ್ಯಾಲ ಮಾಡ್ತೀವಿ, ಗಾಡಿ ಒಳಗ ಊದಿನಕಡ್ಡಿನೂ ಹಚ್ಚಂಗಿಲ್ಲ. ಭಕ್ತಿ ಮಾತ್ರ ಮೊದಲಿಗಿಂತ ಗಟ್ಟಿ ಆಗ್ಯಾದ.

ಈ ಸಲದ ಮಳಿಗಾಲದಾಗ ಯಾದಗಿರಿಯಿಂದ ವಾಪಸ್ ಬರಾಕತ್ತಿದ್ವಿ. ಶಹಾಪುರ ದಾಟಿದ ಮ್ಯಾಲ ಜೋರು ಮಳಿ ಹಿಡೀತು. ಗೌರಿ ನನ್ನ ತೊಡಿ ಮ್ಯಾಲ ತಲಿ ಇಟ್ಟು ಮಲಗಿದ್ಲು. ಒಮ್ಮೆಲೇ ನನಗ ಗಾಬರಿ ಆತು, ಕೂಸಿನ ಉಸಿರಿನ ಸಪ್ಪಳನೇ ಇಲ್ಲ. "ಗಾಡಿ ನಿಲ್ಲಸ್ರಿ!" ಅಂತ ಚೀರಿ, ಆಕಿ ಎದಿ ಮ್ಯಾಲ ಕೈ ಇಟ್ಟೆ. ಎದಿ ಮೆಲ್ಲಕ ಏರಿ, ಮೆಲ್ಲಕ ಇಳೀತಿತ್ತು. ಚಲೋ ಇದ್ದ ಕೂಸು ಹಿಂಗ ಸಪ್ಪಳಿಲ್ಲದೇ ಉಸಿರಾಡ್ತದ ಅನ್ನೋದೇ ನನಗ ಮರ್ತು ಹೋಗಿತ್ತು.

"ಯವ್ವಾ, ಮಲಗಾಕ ಬಿಡು" ಅಂತ ಸಿಡುಕಿ ಮಗ್ಗುಲಾದ್ಲು. ಅವತ್ತು ನಾ ಶಿವಪ್ಪಗ ಏನೂ ಕೇಳಲಿಲ್ಲ, ಜಗಳಾನೂ ಆಡಲಿಲ್ಲ. ಆಕಿ ಬೆನ್ನ ಮ್ಯಾಲ ಕೈ ಇಟ್ಕೊಂಡು, ರಂಗಂಪೇಟಿ ಬರೋತನಕ ಅಳಕೋತ ಕುಂತಿದ್ದೆ.