ಭಾನುವಾರದ ಮಾತ್ರೆ

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆಯನ್ನು ನಾನು ಶಾಲೆಯ ಪರೀಕ್ಷೆಯಂತೆಯೇ ಎಂದುಕೊಂಡಿದ್ದೆ. ಕೊನೆಯ ಮೂರು ದಿನ ಕಷ್ಟಪಟ್ಟರೆ ಪಾಸು. ನಾನು ಓದಿದ್ದೂ ಹಾಗೆಯೇ. ಅದು ಎಲ್ಲಿಗೆ ಮುಟ್ಟಿಸಿತು ಎಂಬುದಕ್ಕೆ ನನ್ನ ಕೈಯಲ್ಲಿರುವ ಇಸ್ತ್ರಿಪೆಟ್ಟಿಗೆಯೇ ಸಾಕ್ಷಿ. ಈ ಜ್ಞಾನವನ್ನು ಸಕ್ಕರೆ ಕಾಯಿಲೆಯ ಸೋದರಮಾವನಿಗೂ ಧಾರೆಯೆರೆದೆ. ಅವರು ಮೂರು ದಿನ ಸಿಹಿ ಬಿಟ್ಟು, ರಕ್ತ ಕೊಟ್ಟು ಬಂದರು. ಫಲಿತಾಂಶ ಹಿಂದಿನದಕ್ಕಿಂತ ಕೆಟ್ಟದಾಗಿತ್ತು.

ಮಾವ ನಮ್ಮ ಹೊಲಿಗೆ ಕಾರ್ಖಾನೆಯ ಕಟಿಂಗ್ ಮಾಸ್ಟರ್. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಗೆರೆ ಎಳೆದು ಕತ್ತರಿಸುವ ಮಿಷನ್ ಓಡಿಸುವುದು ಅವರೊಬ್ಬರೇ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಅವರ ಕೈ ತಪ್ಪಿದರೆ ಬಿಚ್ಚುವುದಕ್ಕೆ ಏನೂ ಉಳಿಯುವುದಿಲ್ಲ.

ಒಂದು ಗುರುವಾರ ಅವರು ನಡೆದಲ್ಲೆಲ್ಲ ನೆಲದ ಮೇಲೆ ಕಂದು ಚುಕ್ಕೆಗಳು ಕಂಡವು. ಚಪ್ಪಲಿಯನ್ನು ತೂರಿಬಂದ ಗುಂಡುಸೂಜಿ ಹೆಬ್ಬೆರಳಿಗೆ ಹೊಕ್ಕಿತ್ತು. ಬೆಳಗಿನಿಂದ ಹಾಗೇ ಓಡಾಡಿದ್ದರು. ನೋವಾಗಲಿಲ್ಲವೇ ಎಂದು ಕೇಳಿದರೆ, "ಸೂಜಿ ಜೊತೆ ಸಂಸಾರ ಮಾಡೋನಿಗೆ ಎಂಥ ನೋವೋ" ಎಂದು ನಕ್ಕರು. ವಾರ ಕಳೆದ ಮೇಲೆ ಅತ್ತೆ ಕೀವು ತುಂಬಿ ಬಾತಿದ್ದ ಆ ಬೆರಳು ನೋಡಿದರು. ಆಗ ಯಾರೂ ನಗಲಿಲ್ಲ. ನನ್ನನ್ನು ಜೊತೆಮಾಡಿ ಆಸ್ಪತ್ರೆಗೆ ಅಟ್ಟಿದರು.

ಹಳೆಯ ಡಾಕ್ಟರು ಬರೆಯುತ್ತಲೇ "ಮಾತ್ರೆ ತಗೋತಿದ್ದೀರಾ?" ಎನ್ನುತ್ತಿದ್ದರು, ಮಾವ "ಹೂಂ" ಎನ್ನುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಈಗ ಬಂದಿದ್ದ ಡಾಕ್ಟರಮ್ಮ ಮಾವನಿಗೆ ಕಣ್ಣು ಮುಚ್ಚಲು ಹೇಳಿ, ಸಣ್ಣ ಪ್ಲಾಸ್ಟಿಕ್ ಎಳೆಯೊಂದನ್ನು ಕೈಗೆತ್ತಿಕೊಂಡರು. ಅದು ಪಾದಕ್ಕೆ ತಾಗಿದಾಗ ಹೂಂ ಎನ್ನಬೇಕಂತೆ. ಮಾವ ನಿಧಾನವಾಗಿ, ಅಂತರ ಅಳೆದಂತೆ, ಐದು ಸಲ ಹೂಂ ಎಂದರು.

ಎಳೆ ಇನ್ನೂ ಗಾಳಿಯಲ್ಲೇ ಇತ್ತು.

"ಎಲ್ಲ ಸರಿ ಹೇಳಿದ್ನಾ?" ಎಂದು ಮಾವ ಕಣ್ಣು ಬಿಟ್ಟರು.

ಡಾಕ್ಟರಮ್ಮ ಬೈಯಲಿಲ್ಲ. ಗಾಯ ಇನ್ನೂ ಮೂಳೆಗೆ ಇಳಿದಿಲ್ಲ, ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು. "ಮಾತ್ರೆ ಎಲ್ಲರಿಗೂ ತಪ್ಪುತ್ತೆ ಮಾಸ್ಟ್ರೇ. ನಿಮಗೆ ವಾರದಲ್ಲಿ ಎಷ್ಟು ದಿನ ತಪ್ಪುತ್ತೆ?"

ಮಾವ ನನ್ನತ್ತ ನೋಡಿದರು. ನಾನು ಹುಟ್ಟಿದಾಗಿನಿಂದ ತೂಕದ ಮಿಷನ್ನನ್ನೇ ನೋಡದವನಂತೆ ಅದನ್ನು ದಿಟ್ಟಿಸತೊಡಗಿದೆ. ಡಾಕ್ಟರಮ್ಮ ಪೆನ್ನು ಮೇಜಿನ ಮೇಲಿಟ್ಟರು. ಹೊರಗೆ ಮುಂದಿನ ರೋಗಿ ಕೆಮ್ಮಿದ.

"ಆರು," ಎಂದರು ಮಾವ.

"ಏಳನೇ ದಿನ?"

"ಭಾನುವಾರ. ಕೆಲ್ಸ ಇರಲ್ಲ."

ಕೆಲಸದ ದಿನ ಏನಾಗುತ್ತದೆ ಎಂದು ಡಾಕ್ಟರಮ್ಮ ಕೇಳಿದರು. ಮಾವ ಬಲಗೈ ಚಾಚಿದರು. ಮಾತ್ರೆ ನುಂಗಿದ ದಿನ ಊಟ ತಡವಾದರೆ ಆ ಕೈ ನಡುಗುತ್ತಿತ್ತಂತೆ. ಎರಡು ವರ್ಷದ ಹಿಂದೆ ಮಿಷನ್ ಗೆರೆ ಬಿಟ್ಟು ಒಳಗೆ ಹೋಗಿ ಅರವತ್ತು ಅಂಗಿ ಅಳತೆಗಿಂತ ಚಿಕ್ಕವಾದವು, ಕೈಬೆರಳು ಕೂದಲೆಳೆಯಲ್ಲಿ ಉಳಿಯಿತು. ಅಂದಿನಿಂದ ಮಾತ್ರೆ ಭಾನುವಾರಕ್ಕೆ ಮಾತ್ರ. ಅತ್ತೆಗೂ ಹೇಳಿರಲಿಲ್ಲ. ಆ ಅರವತ್ತು ಅಂಗಿ ನನ್ನ ಇಸ್ತ್ರಿಯಿಂದ ಕುಗ್ಗಿದವು ಎಂದು ಬೈಗುಳ ತಿಂದವನು ನಾನು, ಆದರೆ ಆ ಲೆಕ್ಕ ತೆಗೆಯುವ ಹೊತ್ತು ಅದಾಗಿರಲಿಲ್ಲ.

ಡಾಕ್ಟರಮ್ಮ ಬೇರೆ ಮಾತ್ರೆ ಬರೆದರು. ಊಟ ತಡ ಮಾಡಬಾರದು, ದಿನ ಬಿಟ್ಟು ದಿನ ಕಾಲು ತೋರಿಸಬೇಕು ಎಂದು ಹೇಳಿ, ಅದನ್ನೆಲ್ಲ ಮಾವನ ಬಾಯಿಂದಲೇ ಮತ್ತೆ ಹೇಳಿಸಿದರು. ಮಾವ ಅಳತೆ ಒಪ್ಪಿಸುವಂತೆ ಒಪ್ಪಿಸಿದರು.

ಬಾಗಿಲ ಬಳಿ ಡಾಕ್ಟರಮ್ಮ ತಡೆದು ಕೇಳಿದರು. "ಇನ್ನು ತಪ್ಪಿಸಲ್ಲ ಅಂತ ನಂಬಲಾ?"

"ಕೈ ನಡುಗಿದ್ರೆ ಮಾತ್ರೆ ಬಿಟ್ಟೇ ಬಿಡ್ತೀನಿ ಡಾಕ್ಟ್ರಮ್ಮಾ," ಎಂದರು ಮಾವ. "ಆದ್ರೆ ಬಿಟ್ಟೆ ಅಂತ ಬಂದು ಹೇಳ್ತೀನಿ."