ಸಜ್ಜಕದ ಬಟ್ಟಲು ಮತ್ತು ಮೂಗಿನ ಆಪರೇಷನ್ನು

ಆ ಬೆಳಿಗ್ಗೆಯೂ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಎಳೆದು, ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತೆ. ಎದುರು ಮನೆಯ ಮಗ್ಗದ ಸದ್ದು ಆಗಲೇ ಶುರುವಾಗಿತ್ತು. ಪೂಜೆ ಮುಗಿಯುತ್ತಲೇ ಅತ್ತೆ ರವೆ, ಬೆಲ್ಲದ ಬಿಸಿ ಸಜ್ಜಕದ ಬಟ್ಟಲು ತಂದಿಟ್ಟರು.

“ಅತ್ತೀ, ಡಾಕ್ಟರು ಏನೂ ತಿನಬ್ಯಾಡ ಅಂದಾರ.”

“ಊಟಾ ಮಾಡಬ್ಯಾಡ ಅಂದಾರ. ಇದು ಪ್ರಸಾದ. ಪ್ರಸಾದ ಯಾರರೆ ಒಲ್ಲೆ ಅಂತಾರೇನ?”

ತುಪ್ಪ ಬಟ್ಟಲಿನ ಅಂಚಿಗೆ ಬಂದು ಮಿನುಗುತ್ತಿತ್ತು. ತಿಂದೆ.

ಎರಡು ವರ್ಷದಿಂದ ಮೂಗಿನಲ್ಲಿ ದುರ್ಮಾಂಸ ಬೆಳೆದು, ಉಸಿರಿಗೆ ಬಾಯಿಯೇ ಗತಿಯಾಗಿತ್ತು. ಅದನ್ನು ತೆಗೆಸಲು ಇಳಕಲ್ಲಿನಿಂದ ಬಾಗಲಕೋಟೆಗೆ ಹೊರಟಿದ್ದೆವು. ಮೂಗಷ್ಟೇ ಮರಗಟ್ಟಿಸಲು ಒಳಗೆ ಸೂಜಿ ಚುಚ್ಚುತ್ತಾರೆಂದು ಕೇಳಿ ಹೆದರಿದ್ದೆ. ಪೂರ್ತಿ ನಿದ್ದೆ ಬರಿಸಿಯೇ ಮಾಡಿರೆಂದು ಬೇಡಿಕೊಂಡಿದ್ದೆ. ಅದಕ್ಕೆಂದೇ, ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಅರಿವಳಿಕೆ ಡಾಕ್ಟರು ಬರುವ ದಿನವನ್ನೇ ಗೊತ್ತು ಮಾಡಿದ್ದರು.

“ಮುಂಜಾನಿ ಏನರೆ ತಿಂದೀರೇನ್ರಿ?” ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು.

“ಏನೂ ಇಲ್ರಿ, ಉಪವಾಸ ಅದಾಳ,” ಎಂದರು ಅತ್ತೆ, ನಿಶ್ಚಿಂತೆಯಿಂದ.

ಸುಳ್ಳು ಹೇಳಬಾರದೆಂದು ಚಿಕ್ಕಂದಿನಲ್ಲಿ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಹಾಗೆಲ್ಲ ಬಿಡುತ್ತದೆಯೇ? “ಸಜ್ಜಕ ತಿಂದೇನ್ರಿ,” ಎಂದು ತಲೆ ತಗ್ಗಿಸಿದೆ.

ಮೂಗಿನ ಡಾಕ್ಟರು ಬೈಯಲಿಲ್ಲ. “ತಿಂದವರಿಗೆ ನಿದ್ದಿ ಔಷಧ ಕೊಡಾಕ ಬರೂದಿಲ್ರಿ, ವಾಂತಿ ಆಗಿ ಉಸಿರಿಗೆ ಅಡ್ಡ ಬಂದೀತು. ಮೂಗಷ್ಟ ಮರಗಟ್ಟಿಸಿ ಇವತ್ತ ಮಾಡ್ತೇನಿ. ಒಲ್ಲೆ ಅಂದ್ರ ಮುಂದಿನ ವಾರ ಬರ್ರಿ.”

ಇನ್ನೊಂದು ವಾರ ಬಾಯಿ ತೆರೆದು ಮಲಗುವುದೇ? “ಮಾಡ್ರಿ,” ಎಂದುಬಿಟ್ಟೆ.

ಕಣ್ಣಿಗೆ ಹಸಿರು ಬಟ್ಟೆ ಮುಚ್ಚಿದರು. ಔಷಧದಲ್ಲಿ ನೆನೆಸಿದ ಬಟ್ಟೆಯ ಪಟ್ಟಿ ಮೂಗಿನೊಳಗೆ ಹೋಯಿತು. ಗಂಟಲಿಗೆ ಕಹಿ ಇಳಿಯಿತು. ಸ್ವಲ್ಪ ಹೊತ್ತಿಗೆ ಮೇಲಿನ ತುಟಿ, ಮುಂದಿನ ಹಲ್ಲು ಬೇರೆ ಯಾರವೋ ಅನಿಸತೊಡಗಿದವು. ಆಮೇಲೆ ಬಂದ ಸೂಜಿ ಬರೀ ಒತ್ತಿದಂತಾಯಿತು.

“ಸಜ್ಜಕಕ್ಕ ಬೆಲ್ಲ ಯಾವಾಗ ಹಾಕ್ತೀರಿ?” ಡಾಕ್ಟರು ಕೇಳಿದರು.

“ರವಾ ಬೆಂದ ಮ್ಯಾಲ್ರಿ.”

“ನಮ್ಮ ಮನ್ಯಾಗ ಮೊದಲ ಹಾಕ್ತಾರ, ಅದಕ್ಕ ಗಂಟಾಗ್ತದ ನೋಡ್ರಿ! ಯಾಲಕ್ಕಿ?”

ಯಾಲಕ್ಕಿಗೆ ಉತ್ತರ ಹುಡುಕುತ್ತಿರುವಾಗಲೇ ಒಳಗೆ ಏನೋ ಮೆತ್ತಗೆ ಜಗ್ಗಿದಂತಾಯಿತು. “ಬಂತ್ರಿ,” ಎಂದು ಕಣ್ಣಿನ ಬಟ್ಟೆ ಸರಿಸಿ ಸಿಪ್ಪೆ ಸುಲಿದ ದ್ರಾಕ್ಷಿಯಂಥದ್ದೊಂದನ್ನು ತೋರಿಸಿದರು. ಸಜ್ಜಕಕ್ಕೆ ದ್ರಾಕ್ಷಿಯೂ ಬಂತಲ್ಲ ಎಂದು ನನಗೆ ನಗು ತಡೆಯಲಾಗಲಿಲ್ಲ. “ಈಗ ನಗಬ್ಯಾಡ್ರಿ, ರಕ್ತ ಬರ್ತದ!” ಎಂದು ನರ್ಸ್ ಗದರಿದಳು.

ನಿದ್ದೆ ಬರಿಸಿದ್ದರೆ ರಾತ್ರಿ ಅಲ್ಲೇ ಉಳಿಯಬೇಕಿತ್ತು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿದ್ದೆವು. “ಪ್ರಸಾದ ಕಾಯ್ತು ನೋಡ,” ಎಂದು ಅತ್ತೆ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದರು. ಎದುರು ಮನೆಯ ನೇಕಾರಗಿತ್ತಿ ನೂಲು ಸುತ್ತುವುದನ್ನು ಬಿಟ್ಟು ಬಂದು ಕುಳಿತಳು. ಹತ್ತಿ ತುಂಬಿದ ಮೂಗಿನಲ್ಲೇ, ಕಟ್ಟಿದ ದನಿಯಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಿದೆ. ಅವಳು ನಕ್ಕು, ಸೆರಗು ಕೊಡವಿ ಎದ್ದಳು.

“ನಿದ್ದಿ ಹತ್ತಿದ್ರ ಇಷ್ಟ ಸುದ್ದಿ ಎಲ್ಲಿಂದ ತರ್ತಿದ್ರಿ ಅಕ್ಕಾರ?”