ಮೈಕ್ರೋಮೀಟರಿಗೆ ಹಚ್ಚಿದ ಕುಂಕುಮ

ನನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಮುಂಬಯಿ ಕಡೆಯ ಡೊಂಬಿವಲಿಯಿಂದ ರಬಾಳೆಯವರೆಗೆ ಎಲ್ಲರಿಗೂ ಗೊತ್ತು. ಒಮ್ಮೆ ಮಾತ್ರ ಎರಡು ಗಂಟೆ ಮುಚ್ಚಿಕೊಂಡಿದ್ದೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ನಮ್ಮ ಕಾರ್ಖಾನೆಯಲ್ಲಿ ಪಂಪುಗಳಿಗೆ ಹಾಕುವ ಸಣ್ಣ ಉಕ್ಕಿನ ಪಿನ್ನುಗಳು ತಯಾರಾಗುತ್ತವೆ. ಗ್ರೈಂಡಿಂಗ್ ಮಷಿನ್ನಿನಲ್ಲಿ ಅವನ್ನು ಸವೆಸುವವರು ಯಾದಗಿರಿ ಕಡೆಯ ಸೈದಪ್ಪ. ಅಳೆದು ಪಾಸು ಮಾಡುವವಳು ನಾನು, ಕಾರ್ಕಳದ ಜಯಲತಾ. ಕೂದಲಿನ ಹತ್ತರಲ್ಲೊಂದು ಪಾಲು ವ್ಯತ್ಯಾಸವಾದರೂ ಪಿನ್ನು ಗುಜರಿಗೆ. ಸೈದಪ್ಪ ದಿನಾ ಬೆಳಿಗ್ಗೆ, ಪಿನ್ನನ್ನು ಕಚ್ಚಿ ಹಿಡಿದು ದಪ್ಪ ಅಳೆಯುವ ಮೈಕ್ರೋಮೀಟರಿನ ಎರಡೂ ಮುಖ ಒರೆಸಿ, ಮುಚ್ಚಿ, ಸೊನ್ನೆ ತೋರಿಸುತ್ತದೆಯೇ ಎಂದು ನೋಡದೆ ಕೆಲಸ ಶುರು ಮಾಡುವವರಲ್ಲ. ಹದಿನಾಲ್ಕು ವರ್ಷ ಗುತ್ತಿಗೆಯಲ್ಲಿ ದುಡಿದ ಅವರನ್ನು ಪರ್ಮನೆಂಟ್ ಮಾಡುವ ಕಾಗದ ಹೋದ ವರ್ಷದ ದೀಪಾವಳಿಗೆಂದು ತಯಾರಾಗಿತ್ತು. ಸಹಿಯೊಂದೇ ಬಾಕಿ.

ದಸರೆಗೆ ಮಷಿನ್ನುಗಳಿಗೆಲ್ಲ ಚೆಂಡುಹೂ ಹಾಕಿದೆವು. ಕುಂಕುಮ ಕಲಸಿ ಹಚ್ಚುವ ಕೆಲಸ ನನ್ನದು. ಭಕ್ತಿ ಉಕ್ಕಿತು ನೋಡಿ! ತೆರೆದಿಟ್ಟ ಮೈಕ್ರೋಮೀಟರಿನ ಎರಡು ಮುಖಗಳಿಗೂ ಬೊಟ್ಟಿಟ್ಟುಬಿಟ್ಟೆ. ಅಳೆಯುವವಳಿಗೆ ಅಷ್ಟೂ ಬುದ್ಧಿ ಬೇಡವೇ?

ಮರುದಿನ ಮಧ್ಯಾಹ್ನ ಮೂರಕ್ಕೆ ಬಂದ ಇನ್ನೂರು ಪಿನ್ನುಗಳೂ ತೆಳುವಾಗಿದ್ದವು. ಓಡಿಹೋಗಿ ಸೈದಪ್ಪನವರ ಮೈಕ್ರೋಮೀಟರ್ ನೋಡಿದರೆ ನನ್ನ ಕುಂಕುಮ ಒಣಗಿ ಕೂತಿತ್ತು. ಆ ಪೊರೆಯಿಂದಾಗಿ ಪಿನ್ನು ದಪ್ಪ ಕಂಡು, ಅವರು ಇನ್ನಷ್ಟು ಸವೆಸಿದ್ದರು.

"ಒರೆಸದೆ, ಸೊನ್ನೆ ನೋಡದೆ ಹೇಗೆ ಅಳತೆ ಮಾಡಿದ್ರಿ ಮಾರಾಯ್ರೆ?" ಎಂದು ರೇಗಿದೆ.

"ಪೂಜಿ ಕುಂಕುಮ ಅದರಿ ಅಕ್ಕಾರ. ತಾನಾಗೇ ಉದುರಬೇಕು. ಒರಸಲಾಕ, ಮುಚ್ಚಿ ನೋಡಲಾಕ ಮನಸ ಬರಲಿಲ್ಲ."

ಅಷ್ಟರಲ್ಲಿ ಮ್ಯಾನೇಜರ್ ಬಂದು ತಪ್ಪು ಯಾರದೆಂದು ಗುಡುಗಿದರು. "ಗಲ್ತಿ ಮೇರಾ ಹೈ ಸಾಬ್" ಎಂದರು ಸೈದಪ್ಪ. ನನ್ನ ಹೆಸರೇ ಎತ್ತಲಿಲ್ಲ. ಸಹಿ ನಿಂತಿತು. ನಾನು ಬಾಯಿ ಬಿಡಲಿಲ್ಲ.

ಐದು ಗಂಟೆಗೆ ಅವರು ಗೇಟಿನ ಬಳಿ ಹೆಂಡತಿ ಮಾನಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಈ ಸಲ ಆಗಂಗಿಲ್ಲ ಬಿಡು. ಅಳಬ್ಯಾಡ. ಚಾ ಇಡು, ಬರ್ತೀನಿ."

ನೆಟ್ಟಗೆ ಮ್ಯಾನೇಜರ್ ಬಳಿ ಹೋಗಿ ಕುಂಕುಮ ಹಚ್ಚಿದ್ದು ನಾನೇ ಎಂದೆ. ಅವರು ನನಗೂ ಸಮಾ ಬೈದು, ಸಹಿಯನ್ನು ಒಂದು ವರ್ಷ ಮುಂದೂಡಿದರು. ಸೈದಪ್ಪನವರನ್ನು ಕೆಲಸದಿಂದ ಹೊರಗೇ ಹಾಕಬೇಕೆಂದಿದ್ದರಂತೆ. ಅದೊಂದು ತಪ್ಪಿತು.

ಈ ದಸರೆಯ ಹಿಂದಿನ ದಿನ ಸಹಿ ಬಿತ್ತು. ಪೂಜೆಯ ಹೊತ್ತಿಗೆ ನಾನು ಕುಂಕುಮದ ತಟ್ಟೆಯಿಂದ ದೂರ ನಿಂತಿದ್ದೆ. ಸೈದಪ್ಪ ಮೈಕ್ರೋಮೀಟರ್ ಹಿಡಿದು ನನ್ನ ಹತ್ತಿರವೇ ಬಂದರು. ಕುಂಕುಮ ತಾಗದಂತೆ ಎರಡು ಮುಖಗಳ ನಡುವೆ ಬಿಳಿ ಕಾಗದದ ಚೂರು ಸಿಕ್ಕಿಸಿ ಮುಚ್ಚಿದ್ದರು.

"ಹಚ್ರಿ ಅಕ್ಕಾರ."

"ಬೇಡ ಮಾರಾಯ್ರೆ, ನನ್ನ ಕೈಗುಣ ನೋಡಿದ್ದು ಸಾಲದಾ?"

"ನಿಮ್ಮ ಕೈಲೇ ಹಚ್ಚಿಸ್ಬೇಕು ಅಂತ ಮಾನಮ್ಮ ಹೇಳ್ಯಾಳ್ರಿ."

"ಒಂದು ವರ್ಷ ಹೋದದ್ದು ನನ್ನಿಂದ ಅಂತ ಅವಳಿಗೆ ಗೊತ್ತುಂಟಾ?"

"ಗೊತ್ತದರಿ. ಕೆಲಸ ಉಳದದ್ದೂ ನಿಮ್ಮಿಂದ ಅಂತ ಗೊತ್ತದ. ಅದಕ್ಕ ಹೇಳ್ಯಾಳ."

ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಅವರೇ ನನ್ನ ಬೆರಳಿನಡಿ ಮೈಕ್ರೋಮೀಟರಿನ ಬೆನ್ನು ಹಿಡಿದರು.